ಸೈಟಿನ ದಿನದ ದಾಖಲೆ: ನೋಟ್‌ಬುಕ್ಕೋ, ಕಾರ್ಬನ್ ಪುಸ್ತಕವೋ, ವಾಟ್ಸ್‌ಆ್ಯಪ್ಪೋ, ಆ್ಯಪ್ಪೋ?

ಸಂಜೆ ಆರಕ್ಕೆ ಆಳುಗಳು ಕೈಕಾಲು ತೊಳೆದು ಹೊರಟ ಮೇಲೆ ನಿಮ್ಮ ಸೈಟಿನಲ್ಲಿ ಯಾರು ಉಳಿಯುತ್ತಾರೆ? ಮೇಸ್ತ್ರಿಯೋ, ಎಂಜಿನಿಯರ್ ಕಳಿಸಿದ ಸೂಪರ್‌ವೈಸರ್ ಹುಡುಗನೋ, ಆಫೀಸು ಮುಗಿಸಿಕೊಂಡು ಬಂದ ಮನೆ ಯಜಮಾನರೋ, ಬರೀ ವಾಚ್‌ಮನ್ನೋ? ದಿನದ ಕೆಲಸವನ್ನು ಯಾವುದರಲ್ಲಿ ಬರೆದಿಡಬೇಕು ಅಂತ ಯಾರು ಕೇಳಿದರೂ ನಾನು ಮೊದಲು ತಿರುಗಿ ಕೇಳುವುದು ಇದನ್ನೇ. ಯಾವ ಪುಸ್ತಕ, ಯಾವ ಆ್ಯಪ್ ಎಂಬುದು ಆಮೇಲಿನ ಮಾತು. ಆ ಹೊತ್ತಿಗೆ ಅಲ್ಲಿ ನಿಂತಿರುವವರ ಕೈಗೆ ಒಗ್ಗದ ಸಾಧನ ಹದಿನೈದು ದಿನದಲ್ಲಿ ಮೂಲೆ ಸೇರುತ್ತದೆ.

ದಾವಣಗೆರೆ, ಹರಿಹರ, ಚಿತ್ರದುರ್ಗದಲ್ಲಿ ಮನೆ, ಮಳಿಗೆ ಕಟ್ಟಿಸುತ್ತ ಹದಿನೆಂಟು ವರ್ಷ ಕಳೆದಿರುವ ಎಂಜಿನಿಯರ್ ನಾನು. ನೋಟ್‌ಬುಕ್ಕು, ಡೈರಿ, ಕಾರ್ಬನ್ ಹಾಳೆಯ ಪುಸ್ತಕ, ವಾಟ್ಸ್‌ಆ್ಯಪ್ ಗ್ರೂಪು, ಎಕ್ಸೆಲ್, ಎರಡು ಬಗೆಯ ಆ್ಯಪ್, ಎಲ್ಲವನ್ನೂ ಬಳಸಿ ನೋಡಿದ್ದೇನೆ. 30×40 ಸೈಟಿನಲ್ಲಿ ಜೀವಮಾನದ ಉಳಿತಾಯ ಸುರಿದು ಮನೆ ಕಟ್ಟಿಸುತ್ತಿರುವವರಿಗೆ, ಒಂದರಿಂದ ನಾಲ್ಕೈದು ಸೈಟು ನಡೆಸುವ ಸಣ್ಣ ಗುತ್ತಿಗೆದಾರರಿಗೆ ಈ ಹೋಲಿಕೆ. ಹೆದ್ದಾರಿ, ರೈಲು ಮಾರ್ಗದಂಥ ದೊಡ್ಡ ಕಾಮಗಾರಿಗೆ ಬೇರೆಯದೇ ವ್ಯವಸ್ಥೆ ಇರುತ್ತದೆ, ಅದರ ಗೊಡವೆಗೆ ಇಲ್ಲಿ ಹೋಗುವುದಿಲ್ಲ.

ಬರೆಯದೆ ಬಿಟ್ಟ ಎರಡಡಿ

ದಾವಣಗೆರೆ ಸುತ್ತ ಭದ್ರಾ ನಾಲೆಯ ನೀರು ಕುಡಿದ ಗದ್ದೆಗಳು ಒಂದೊಂದಾಗಿ ಬಡಾವಣೆ ಆಗುತ್ತಿದ್ದ ದಿನಗಳು. ಅಂಥದ್ದೊಂದು ಬಡಾವಣೆಯಲ್ಲಿ ನನ್ನದೊಂದು ಕೆಲಸ. ನಕ್ಷೆಯಲ್ಲಿ ಫುಟಿಂಗ್ ಐದಡಿ ಆಳ. ತೋಡಿಸಿದರೆ ಐದಡಿಗೂ ಎರೆಮಣ್ಣೇ. ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಪಾಯ ನಿಲ್ಲಿಸಿದರೆ ನಾಳೆ ಗೋಡೆಯೂ ಬಿರಿಯುತ್ತದೆ. ಇನ್ನೂ ಇಳಿಸಿ ಎಂದೆ. ಗಟ್ಟಿ ಗರಸು ಸಿಕ್ಕಿದ್ದು ಏಳಡಿಗೆ. ಹನ್ನೆರಡು ಗುಂಡಿ, ಒಂದೊಂದೂ ಐದಡಿ ಉದ್ದ, ಐದಡಿ ಅಗಲ. ಎರಡಡಿ ಹೆಚ್ಚು ಇಳಿದದ್ದಕ್ಕೆ 600 ಘನ ಅಡಿ ಹೆಚ್ಚುವರಿ ಅಗೆತ, ಮೇಲೆ ಕಾಲಂ ಉದ್ದವೂ ಅಷ್ಟೇ ಬೆಳೆಯಿತು.

ಮೂರು ತಿಂಗಳ ಮೇಲೆ ಬಿಲ್ಲಿನ ಮುಂದೆ ಎಲ್ಲರೂ ಕೂತೆವು. ಮನೆಯವರು ನಕ್ಷೆ ತೋರಿಸಿ ಐದಡಿ ಅಂದರು. ಮೇಸ್ತ್ರಿ ನನ್ನ ಮುಖ ನೋಡಿ, ‘ಏಳಡಿ ಹೋಗೇತ್ರೀ ಸರ್, ನೀವೇ ನಿಂತು ನೋಡೀರಲ್ಲ’ ಅಂದ. ನೋಡಿದ್ದು ನಿಜ. ಬರೆದಿರಲಿಲ್ಲ. ಕೊನೆಗೆ ಇಬ್ಬರು ಆಳು ಹಚ್ಚಿ ಒಂದು ಕಾಲಂ ಪಕ್ಕ ಮತ್ತೆ ಅಗೆಸಿದೆವು. ಏಳಡಿಯೇ ಇತ್ತು. ‘ಇದೊಂದು ಸರಿ, ಉಳಿದ ಹನ್ನೊಂದು?’ ಎಂದು ಕೇಳಿದರು ಯಜಮಾನರು. ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ, ದುಡ್ಡು ಅವರದು. ಅರ್ಧಕ್ಕೆ ರಾಜಿಯಾಯಿತು. ನ್ಯಾಯವಾಗಿ ಬರಬೇಕಾದ ಕೂಲಿಯಲ್ಲಿ ಅರ್ಧ ಕಳೆದುಕೊಂಡ ಆ ಮೇಸ್ತ್ರಿ ಮತ್ತೆ ನನ್ನ ಜೊತೆ ಕೆಲಸಕ್ಕೆ ಬರಲಿಲ್ಲ. ಅವತ್ತು ಸಂಜೆ ಟೇಪು ಹಿಡಿದು ಹನ್ನೆರಡು ಅಂಕಿ ಬರೆದು ಇಬ್ಬರ ಸಹಿ ಹಾಕಿಸಿದ್ದರೆ ಹತ್ತು ನಿಮಿಷದ ಕೆಲಸ. ಅದು ನನ್ನ ತಪ್ಪು, ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಹಾಗಾಗಿ ನನ್ನ ಅಳತೆಗೋಲು ಒಂದೇ: ಮುಚ್ಚಿಹೋಗುವ ಕೆಲಸವನ್ನು, ಮುಚ್ಚುವ ಮುಂಚೆ, ಎರಡು ಕಡೆಯವರೂ ಒಪ್ಪಿದ್ದಾರೆ ಎಂದು ತೋರಿಸಲು ಈ ಸಾಧನಕ್ಕೆ ಆಗುತ್ತದೆಯೇ? ಪಾಯದ ಆಳ, ಕಂಬಿಯ ದಪ್ಪ ಮತ್ತು ಅಂತರ, ನೆಲದಡಿಯ ಪೈಪು, ಗೋಡೆಯೊಳಗಿನ ವೈರಿಂಗ್ ಪೈಪು, ಬಾತ್‌ರೂಮಿನ ವಾಟರ್‌ಪ್ರೂಫಿಂಗ್ ಎಷ್ಟು ಕೋಟ್, ಪ್ಲಿಂತ್ (ನೆಲಮಟ್ಟದ ಮೇಲಿನ ಪಾಯದ ಕಟ್ಟೆ) ಒಳಗೆ ಮಣ್ಣು ಎಷ್ಟು ಪದರದಲ್ಲಿ ತುಂಬಿ ನೀರು ಹಾಕಿ ದಮ್ಮಸು ಮಾಡಿದರು, ಇವು ಒಮ್ಮೆ ಮುಚ್ಚಿದರೆ ಕಣ್ಣಿಗೆ ಬೀಳುವುದಿಲ್ಲ. ಗೋಡೆ ಎಷ್ಟು ಎತ್ತರ ಎದ್ದಿದೆ ಎಂಬುದನ್ನು ನಾಳೆಯೂ ಅಳೆಯಬಹುದು.

ಇದರ ಜೊತೆಗೆ ದಿನದ ಹಾಜರಿ, ಬಂದ ಸಾಮಾನು ಮತ್ತು ಖರ್ಚಾದ ಸಾಮಾನು, ಮನೆಯವರು ಬಾಯಲ್ಲಿ ಹೇಳಿದ ಬದಲಾವಣೆ, ಕೆಲಸ ನಿಂತ ಹೊತ್ತು ಮತ್ತು ಕಾರಣ. ಕಾರಣ ಬರೆಯುವುದನ್ನು ಹೆಚ್ಚಿನವರು ಬಿಡುತ್ತಾರೆ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಆ ವಾರ ದಾವಣಗೆರೆಯಲ್ಲಿ ಆಳು ಸಿಗುವುದು ಕಷ್ಟ. ನಾಲೆಗೆ ನೀರು ಬಿಟ್ಟ ವಾರ ತಗ್ಗಿನ ಬಡಾವಣೆಗಳಲ್ಲಿ ಪಾಯದ ಗುಂಡಿಗೆ ಜಲ ಒಸರುವುದನ್ನು ನಾನೇ ಕಂಡಿದ್ದೇನೆ. ಎಂಟು ತಿಂಗಳ ಕೆಲಸ ಹನ್ನೊಂದಾದಾಗ ‘ನೀವೇ ತಡ ಮಾಡಿದಿರಿ’ ಎಂಬ ಮಾತು ಬಂದೇ ಬರುತ್ತದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ಕಾಮಗಾರಿಗಳಲ್ಲಿ ಇದಕ್ಕೆಂದೇ ಅಡಚಣೆಗಳ ರಿಜಿಸ್ಟರ್ ಇರುತ್ತದೆ. ಅಡಚಣೆ ಯಾವತ್ತು ಶುರುವಾಯಿತು, ಯಾವತ್ತು ಮುಗಿಯಿತು ಎಂದು ಅದರಲ್ಲಿ ಬರೆದು, ಅವಧಿ ವಿಸ್ತರಣೆಯನ್ನು ಅದರ ಆಧಾರದ ಮೇಲೆ ಕೊಡುತ್ತಾರೆ. ಮನೆ ಕೆಲಸಕ್ಕೆ ಪ್ರತ್ಯೇಕ ರಿಜಿಸ್ಟರ್ ಬೇಡ, ಒಂದು ಸಾಲು ಸಾಕು.

ನೋಟ್‌ಬುಕ್ಕು ಮತ್ತು ಡೈರಿ

ಉದ್ದನೆಯ ನೋಟ್‌ಬುಕ್ಕಿನ ದೊಡ್ಡ ಗುಣ, ಅದನ್ನು ಯಾರಿಗೂ ಕಲಿಸಬೇಕಿಲ್ಲ. ಚಾರ್ಜ್ ಬೇಡ, ನೆಟ್‌ವರ್ಕ್ ಬೇಡ. ಮೇಸ್ತ್ರಿ ತನಗೆ ಬಂದ ಹಾಗೆ ಕನ್ನಡದಲ್ಲಿ ಬರೆಯುತ್ತಾನೆ, ಚಿತ್ರ ಬಿಡಿಸುತ್ತಾನೆ. ಕೈಚಿತ್ರದಲ್ಲಿ ಹೇಳಬಹುದಾದ್ದನ್ನು ಮೊಬೈಲಿನಲ್ಲಿ ಟೈಪಿಸಿ ಹೇಳುವುದು ದೊಡ್ಡ ತಾಪತ್ರಯ.

ಇದರ ಕೊರತೆ ಎಂದರೆ ಇರುವುದು ಒಂದೇ ಪ್ರತಿ. ಪುಸ್ತಕ ಮೇಸ್ತ್ರಿ ಹತ್ತಿರ ಇದ್ದರೆ ಮನೆಯವರಿಗೆ ಅನುಮಾನ, ಮನೆಯವರ ಹತ್ತಿರ ಇದ್ದರೆ ಮೇಸ್ತ್ರಿಗೆ. ಹಾಳೆ ಹರಿಯಬಹುದು, ನಡುವೆ ಬಿಟ್ಟ ಜಾಗದಲ್ಲಿ ಆಮೇಲೆ ಒಂದು ಸಾಲು ಸೇರಬಹುದು. ಸರ್ಕಾರಿ ಅಳತೆ ಪುಸ್ತಕ, ಅಂದರೆ ಎಲ್ಲರ ಬಾಯಲ್ಲಿರುವ ಎಂಬಿ, ಈ ರೋಗಕ್ಕೆ ಹಳೆಯ ಮದ್ದು ಇಟ್ಟುಕೊಂಡಿದೆ. ಪುಟಗಳಿಗೆ ಅಚ್ಚಾದ ಸಂಖ್ಯೆ ಇರುತ್ತದೆ, ಹಾಳೆ ಕೀಳುವಂತಿಲ್ಲ, ಅಳಿಸುವಂತಿಲ್ಲ. ತಪ್ಪಾದರೆ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆದು ಚಿಕ್ಕ ಸಹಿ ಹಾಕಬೇಕು. ಇಷ್ಟನ್ನು ಎರವಲು ತಂದುಕೊಂಡರೆ ಸಾಮಾನ್ಯ ನೋಟ್‌ಬುಕ್ಕಿಗೂ ಬೆಲೆ ಬರುತ್ತದೆ. ಹೊಲಿಗೆ ಬೈಂಡಿಂಗ್ ಇರುವುದನ್ನು ಕೊಳ್ಳಿ, ಸ್ಪೈರಲ್ ಬೇಡ. ಮೊದಲ ದಿನವೇ ಎಲ್ಲ ಪುಟಕ್ಕೂ ನಂಬರ್ ಹಾಕಿ. ದಿನದ ಬರಹ ಮುಗಿದ ಕಡೆ ಅಡ್ಡಗೆರೆ ಎಳೆಯಿರಿ.

ವರ್ಷದ ಡೈರಿಯಲ್ಲಿ ತಾರೀಖು ಅಚ್ಚಾಗಿರುವುದರಿಂದ ಬರೆಯದ ದಿನ ಎದ್ದು ಕಾಣುತ್ತದೆ, ಅದೊಂದು ಲಾಭ. ಆದರೆ ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟ್, ಹಾಕುವ ದಿನಕ್ಕೆ ಮೂರು ಪುಟ ಬೇಕು, ಮಳೆ ಹಿಡಿದ ವಾರಕ್ಕೆ ಮೂರು ಸಾಲು ಸಾಕು, ಡೈರಿ ಎರಡಕ್ಕೂ ಒಂದೇ ಪುಟ ಕೊಡುತ್ತದೆ. ನಾನು ಡೈರಿ ಬಿಟ್ಟು ಬಹಳ ವರ್ಷವಾಯಿತು.

ಕಾರ್ಬನ್ ಹಾಳೆಯ ಪುಸ್ತಕ: ನನ್ನ ಮತ ಇದಕ್ಕೆ

ಅಂಗಡಿಯವರು ಬಿಲ್ ಬರೆಯಲು ಇಟ್ಟುಕೊಳ್ಳುವ, ಪುಟ ಸಂಖ್ಯೆ ಅಚ್ಚಾದ ಡೂಪ್ಲಿಕೇಟ್ ಪುಸ್ತಕವೇ ಇದು. ದೊಡ್ಡ ಅಳತೆಯದು ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. ನಾಲ್ಕೈದು ಸೈಟಿನವರು ತಮ್ಮದೇ ಮಾದರಿಯನ್ನು ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿಕೊಳ್ಳಬಹುದು. ಸಂಜೆ ಬರೆದು ಮೇಸ್ತ್ರಿಯೂ ಮನೆಯವರೂ ಸಹಿ ಹಾಕಿದ ಮೇಲೆ ಮೇಲಿನ ಹಾಳೆ ಮನೆಯವರಿಗೆ, ಅಡಿಯದು ಪುಸ್ತಕದಲ್ಲೇ ಉಳಿಯುತ್ತದೆ. ಆ ಕ್ಷಣದಿಂದ ಯಾರೊಬ್ಬರೂ ಒಬ್ಬರೇ ಕೂತು ಅದನ್ನು ಬದಲಾಯಿಸಲಾಗದು. ‘ಪುಸ್ತಕ ಯಾರ ಹತ್ತಿರ ಇರಬೇಕು’ ಎಂಬ ಜಗಳವೂ ಅಲ್ಲಿಗೆ ಮುಗಿಯಿತು.

ನಮ್ಮ ಒಂದು ಪುಟ ಹೀಗಿರುತ್ತದೆ:

‘ಪುಟ 47. ಮಂಗಳವಾರ. ಬಿಸಿಲು, 3ರಿಂದ 3:40 ಮಳೆ, ಕೆಲಸ ನಿಂತಿತ್ತು. ಗೌಂಡಿ 3, ಗಂಡಾಳು 4, ಹೆಣ್ಣಾಳು 2, ಕಂಬಿ ಕಟ್ಟುವವರು 2. ಸಿ-5ರಿಂದ ಸಿ-8 ಕಾಲಂ: 16 ಎಂಎಂ 4, 12 ಎಂಎಂ 4. ರಿಂಗ್ 8 ಎಂಎಂ, 6 ಇಂಚಿಗೊಂದು. ಕವರ್ ಬ್ಲಾಕ್ 40 ಎಂಎಂ ಕಟ್ಟಿದೆ. ಸಿಮೆಂಟ್: ಇದ್ದದ್ದು 62 ಚೀಲ, ಬಂದದ್ದು ಇಲ್ಲ, ಬಳಸಿದ್ದು 14, ಉಳಿದದ್ದು 48. ಅಡುಗೆಮನೆ ಕಿಟಕಿ 4 ಅಡಿ ಇದ್ದದ್ದು 5 ಅಡಿ ಮಾಡಲು ಮನೆಯವರು ಹೇಳಿದರು.’

ಅಷ್ಟೇ. ಹತ್ತು ಸಾಲು ಮೀರಿದರೆ ಮೂರನೇ ವಾರಕ್ಕೆ ಬರೆಯುವವರಿಗೆ ಬೇಸರ ಬರುತ್ತದೆ. ಕಾಲಂಗೆ ನಕ್ಷೆಯಲ್ಲಿರುವ ಹೆಸರನ್ನೇ ಬಳಸಿ. ‘ಮೂಲೆ ಕಾಲಂ’ ಎಂದು ಬರೆದರೆ ನಾಲ್ಕು ಮೂಲೆಯಲ್ಲಿ ಯಾವ ಮೂಲೆ ಎಂದು ಆರು ತಿಂಗಳ ಮೇಲೆ ಯಾರಿಗೂ ತಿಳಿಯುವುದಿಲ್ಲ.

ಬೆಲೆ ಕಾಣುವುದು ಇಂಥ ಪುಟಗಳನ್ನು ತಿರುಗಿ ನೋಡಿದಾಗ. ಐದು ಇಂಚು ದಪ್ಪದ ಸಾವಿರ ಚದರಡಿ ತಾರಸಿಗೆ, ಬೀಮ್ ಬಿಟ್ಟು, ಸುಮಾರು 11.8 ಘನ ಮೀಟರ್ ಕಾಂಕ್ರೀಟ್ ಹೋಗುತ್ತದೆ. ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಎಂಬ ಮಿಶ್ರಣದಲ್ಲಿ ಘನ ಮೀಟರಿಗೆ 50 ಕೆಜಿಯ ಎಂಟು ಚೀಲ ಸಿಮೆಂಟ್ ಲೆಕ್ಕ, ಒಟ್ಟು 95 ಚೀಲದ ಆಸುಪಾಸು. ಪುಸ್ತಕದಲ್ಲಿ ‘ಬಳಸಿದ್ದು 70’ ಎಂದಿದ್ದರೆ ಸಂಜೆಯೇ ಕೇಳಬಹುದು, ಬೆಳಗ್ಗೆ ಮತ್ತು ಸಂಜೆಯ ಚೀಲ ಎಣಿಸಿರದಿದ್ದರೆ ಕೇಳುವುದಕ್ಕೂ ದಾರಿಯಿಲ್ಲ.

ತಾರೀಖಿನ ವಿಷಯವೂ ಹಾಗೆಯೇ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ ಐಎಸ್ 456:2000 ಸಂಹಿತೆಯ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ ಕ್ಯೂರಿಂಗ್ (ನೀರು ಹಾಕಿ ಒದ್ದೆಯಾಗಿಡುವುದು), ಹಾರುಬೂದಿ ಬೆರೆತ ಪಿಪಿಸಿಯಂಥ ಸಿಮೆಂಟಿಗೆ ಕನಿಷ್ಠ 10, ಅದನ್ನು 14ಕ್ಕೆ ಏರಿಸಿದರೆ ಒಳ್ಳೆಯದು. ಒಣ ಬಿಸಿಲಿನ ಪ್ರದೇಶದಲ್ಲಿ ಯಾವ ಸಿಮೆಂಟಾದರೂ 10ಕ್ಕೆ ಕಡಿಮೆ ಇರಬಾರದು. ಚಿತ್ರದುರ್ಗದ ಮಾರ್ಚ್ ತಿಂಗಳ ಬಿಸಿಲು, ಗುಡ್ಡದ ಗಾಳಿ ಎರಡೂ ಸೇರಿದರೆ ಬೆಳಗ್ಗೆ ಹೊಡೆದ ನೀರು ಹನ್ನೊಂದಕ್ಕೆ ಇರುವುದಿಲ್ಲ, ಅಲ್ಲಿ ಈ ನಿಯಮ ಕಡ್ಡಾಯ ಎಂದೇ ತಿಳಿಯಿರಿ. ಸೆಂಟ್ರಿಂಗ್, ಅಂದರೆ ಕಾಂಕ್ರೀಟಿಗೆ ಕೊಟ್ಟ ಹಲಗೆ ಮತ್ತು ಆಸರೆ, ಬಿಚ್ಚುವುದಕ್ಕೂ ಅದೇ ಸಂಹಿತೆಯಲ್ಲಿ ಲೆಕ್ಕ ಇದೆ: ಗೋಡೆಯಿಂದ ಗೋಡೆಗೆ ಅಥವಾ ಬೀಮಿನಿಂದ ಬೀಮಿಗೆ 4.5 ಮೀಟರಿಗಿಂತ ಹೆಚ್ಚಿಲ್ಲದ ಸ್ಲ್ಯಾಬಿನ ಅಡಿಯ ಆಸರೆಕಂಬ ತೆಗೆಯಲು 7 ದಿನ, ಅಂತರ ಅದಕ್ಕೂ ಹೆಚ್ಚಾದರೆ 14. ಬೀಮಿಗೆ 6 ಮೀಟರ್ ತನಕ 14, ಮೀರಿದರೆ 21. ಇದು ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಲೆಕ್ಕ, ಪಿಪಿಸಿ ಆದರೆ ಇನ್ನಷ್ಟು ದಿನ ಬಿಡಬೇಕು. ಸೆಂಟ್ರಿಂಗ್‌ನವರಿಗೆ ಹಲಗೆ ಬೇರೆ ಸೈಟಿಗೆ ಬೇಕಿರುತ್ತದೆ, ಅವರು ‘ಹಾಕಿ ಹತ್ತು ದಿನ ಆಯ್ತಲ್ರೀ’ ಅನ್ನುತ್ತಾರೆ. ಪುಟ ತೆಗೆದು ನೋಡಿದರೆ ಆರೇ ದಿನ ಆಗಿರುತ್ತದೆ. ಅವರು ಸುಳ್ಳು ಹೇಳುವುದಿಲ್ಲ, ನಾಲ್ಕು ಸೈಟಿನ ತಾರೀಖು ತಲೆಯಲ್ಲಿ ಕಲೆಸಿಹೋಗಿರುತ್ತದೆ.

ಕಾಂಕ್ರೀಟಿನ ಬಲ ಪರೀಕ್ಷಿಸಲು ಅದೇ ಕಾಂಕ್ರೀಟಿನ ಕ್ಯೂಬ್ (ಘನಾಕಾರದ ಅಚ್ಚು) ತೆಗೆಸುವುದಾದರೆ (ತೆಗೆಸಲೇಬೇಕು) 6ರಿಂದ 15 ಘನ ಮೀಟರ್ ಕಾಂಕ್ರೀಟಿಗೆ ಎರಡು ಮಾದರಿ, ಮಾದರಿಗೆ ಮೂರರಂತೆ ಆರು ಕ್ಯೂಬ್. ಕ್ಯೂಬ್ ಮೇಲೆ ತಾರೀಖಿನ ಜೊತೆ ಪುಸ್ತಕದ ಪುಟ ಸಂಖ್ಯೆಯನ್ನೂ ಬರೆಯಿರಿ. 28 ದಿನದ ಮೇಲೆ ಪ್ರಯೋಗಾಲಯದ ವರದಿ ಬಂದಾಗ ಅದು ಯಾವ ಸ್ಲ್ಯಾಬಿನದು, ಅವತ್ತು ಮಳೆ ಇತ್ತೇ, ಎಷ್ಟು ಚೀಲ ಹೋಯಿತು ಎಲ್ಲವೂ ಒಂದೇ ಪುಟದಲ್ಲಿ ಸಿಗುತ್ತದೆ.

ತೊಂದರೆ ಇಲ್ಲವೆಂದಲ್ಲ. ಒತ್ತಿ ಬರೆಯದಿದ್ದರೆ ಅಡಿಪ್ರತಿ ಮಸುಕು, ಜೆಲ್ ಪೆನ್ನು ನಡೆಯದು, ಬಾಲ್‌ಪೆನ್ನೇ ಬೇಕು. ಮೋಲ್ಡ್ ದಿನ ಎಲ್ಲರ ಕೈಯೂ ಸಿಮೆಂಟು, ಹಾಳೆ ಹಾಳಾಗುತ್ತದೆ. ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಸಿಮೆಂಟ್ ಶೆಡ್ಡಿನಲ್ಲಿ ಮೊಳೆಗೆ ನೇತುಹಾಕುವ ಅಭ್ಯಾಸ ಮಾಡಿಸಿದ್ದೇನೆ. ಮನೆಯವರು ದಿನವೂ ಬರಲಾಗದಿದ್ದರೆ ಶನಿವಾರ ಬಟವಾಡೆಗೆ ಬಂದಾಗ ಆರು ಹಾಳೆಗೂ ಒಟ್ಟಿಗೆ ಸಹಿ ಹಾಕಲಿ, ಆದರೆ ಪಾಯ ಮತ್ತು ಕಂಬಿಯ ದಿನ ಮಾತ್ರ ಅವತ್ತೇ ಬರಲಿ. ಆ ಎರಡಕ್ಕೆ ರಿಯಾಯಿತಿ ಕೊಡಬೇಡಿ.

ವಾಟ್ಸ್‌ಆ್ಯಪ್ ಗ್ರೂಪು

ನೀವು ಆರಿಸದಿದ್ದರೂ ಇದು ನಿಮ್ಮ ಸೈಟಿಗೆ ಆಗಲೇ ಬಂದಿರುತ್ತದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ, ವಿದ್ಯಾನಗರದಲ್ಲಿ ಬಾಡಿಗೆ ಮನೆಯಲ್ಲಿರುವ ಅಪ್ಪ-ಅಮ್ಮ, ಎಂಜಿನಿಯರ್, ಮೇಸ್ತ್ರಿ, ಎಲೆಕ್ಟ್ರಿಷಿಯನ್ ಎಲ್ಲರೂ ಒಂದು ಗ್ರೂಪಿನಲ್ಲಿ. ಫೋಟೋ ಎಂಬ ಒಂದು ಕಾರಣಕ್ಕೆ ಇದನ್ನು ಬಿಡುವಂತಿಲ್ಲ: ಕಂಬಿ ಕಟ್ಟಿದ್ದನ್ನು ಹತ್ತು ಸಾಲಿನಲ್ಲಿ ಬರೆದರೂ ಒಂದು ಒಳ್ಳೆಯ ಚಿತ್ರಕ್ಕೆ ಸಮವಾಗದು.

ಆದರೆ ಇದನ್ನೇ ದಾಖಲೆ ಎಂದು ನಂಬಿದವರು ಪೆಟ್ಟು ತಿಂದಿದ್ದನ್ನು ಕಂಡಿದ್ದೇನೆ. ಕಿಟಕಿ ದೊಡ್ಡದು ಮಾಡಿ ಎಂದ ಮಾತು ಶುಭೋದಯದ ಚಿತ್ರಗಳ ನಡುವೆ ಎಲ್ಲೋ ಹೂತಿರುತ್ತದೆ. ಕಳಿಸಿದ ಸಂದೇಶವನ್ನು ಹದಿನೈದು ನಿಮಿಷದೊಳಗೆ ತಿದ್ದಬಹುದು, ಅಳಿಸಲೂಬಹುದು. ಸಂದೇಶ ತಾನೇ ಮಾಯವಾಗುವ ಸೌಲಭ್ಯವನ್ನು ಯಾರಾದರೂ ಆನ್ ಮಾಡಿದ್ದರೆ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಎಲ್ಲ ಹೋಯಿತು. ಇದನ್ನು ಇವತ್ತೇ ತೆರೆದು ನೋಡಿ. ಫೋಟೋವನ್ನು ಮಾಮೂಲಿಯಾಗಿ ಕಳಿಸಿದಾಗ ಅದು ಕುಗ್ಗುತ್ತದೆ, ತೆಗೆದ ಸಮಯ ಮತ್ತು ಜಾಗದ ಒಳಮಾಹಿತಿಯೂ ಉದುರಿಹೋಗುತ್ತದೆ. ಮುಖ್ಯವಾದ ಚಿತ್ರವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಮೂಲ ರೂಪದಲ್ಲೇ ತಲುಪುತ್ತದೆ. ವಾಯ್ಸ್ ಮೆಸೇಜ್ ಅಂತೂ ದಾಖಲೆಗೆ ಆಗುವುದೇ ಇಲ್ಲ. ಆರು ತಿಂಗಳ ಮೇಲೆ ಇನ್ನೂರು ವಾಯ್ಸ್ ಕೇಳಿ ಒಂದು ಮಾತು ಹುಡುಕುವವರು ಯಾರು? ಬರೆಯಲು ಕಷ್ಟವಾದವರು ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅಕ್ಷರವಾಗಿಯೇ ಬೀಳುತ್ತದೆ. ನಮ್ಮ ಕಡೆಯ ಮಾತಿಗೆ ಅಲ್ಲಲ್ಲಿ ತಪ್ಪುತ್ತದೆ, ಅಂಕಿಯನ್ನು ಒಮ್ಮೆ ನೋಡಿ ಕಳಿಸಬೇಕು.

ಫೋಟೋ ತೆಗೆಯುವ ರೀತಿ ಕಲಿಸಿದರೆ ಅರ್ಧ ಗೆದ್ದಂತೆ. ಬರೀ ಗುಂಡಿಯ ಚಿತ್ರ ಐದಡಿಯೋ ಏಳಡಿಯೋ ಹೇಳುವುದಿಲ್ಲ. ಟೇಪು ಇಳಿಬಿಟ್ಟು, ಅಂಕಿ ಓದುವಂತೆ ಹತ್ತಿರದ್ದೊಂದು, ಪಕ್ಕದ ಮನೆಯೋ ಕಂಬವೋ ಕಾಣುವಂತೆ ದೂರದ್ದೊಂದು. ಮಕ್ಕಳ ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ತಾರೀಖು, ಕಾಲಂ ಹೆಸರು, ಪುಸ್ತಕದ ಪುಟ ಸಂಖ್ಯೆ ಬರೆದು ಚಿತ್ರದೊಳಗೆ ಇಡಿ. ಆ ಸ್ಲೇಟು ನಮ್ಮ ಎಲ್ಲ ಸೈಟಿನಲ್ಲೂ ಇದೆ. ಪುಸ್ತಕ ಮತ್ತು ಫೋಟೋವನ್ನು ಒಂದಕ್ಕೊಂದು ಕಟ್ಟುವ ದಾರ ಅದು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ, ಕೋರ್ಟಿಗೆ ಹೋಗಿ ಎಂದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಪ್ರಕಾರ ವ್ಯವಹಾರದಲ್ಲಿ ಕ್ರಮವಾಗಿ ಬರೆದಿಟ್ಟ ಲೆಕ್ಕದ ಪುಸ್ತಕಕ್ಕೆ, ಅದು ಕಂಪ್ಯೂಟರಿನಲ್ಲಿದ್ದರೂ, ಸಾಕ್ಷ್ಯವಾಗಿ ಸ್ಥಾನವಿದೆ. ಆದರೆ ಅದೊಂದರಿಂದಲೇ ಇನ್ನೊಬ್ಬರ ಮೇಲೆ ಹೊಣೆ ಹೊರಿಸಲಾಗದು. ಎದುರಿನವರ ಸಹಿ, ಸಾಮಾನಿನ ಬಿಲ್ಲು, ಫೋಟೋ ಬೆಂಬಲಕ್ಕೆ ಬೇಕು. ಮೊಬೈಲಿನ ಸಂದೇಶ, ಚಿತ್ರಗಳ ಪ್ರತಿಯನ್ನು ಹಾಜರುಪಡಿಸುವಾಗ 63ನೇ ಕಲಮಿನ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಸಹಿ ಹಾಕಿದ ಕಾಗದ ಎಷ್ಟು ಸರಳ ಎಂಬುದು ಇಲ್ಲಿ ತಿಳಿಯುತ್ತದೆ. ಮಾಡಿದ ಕೆಲಸದ ಹಣಕ್ಕೆ, ಕೊಡುವ ದಿನ ನಿಗದಿಯಾಗಿರದಿದ್ದರೆ, ದಾವೆ ಹೂಡಲು ಕೆಲಸ ಆದ ದಿನದಿಂದ ಮೂರು ವರ್ಷ ಕಾಲಮಿತಿ. ಅಷ್ಟು ಕಾಲವಾದರೂ ಎಲ್ಲವೂ ಭದ್ರವಾಗಿರಬೇಕು.

ಎಕ್ಸೆಲ್ ಅಥವಾ ಗೂಗಲ್ ಶೀಟ್

ಸಂಜೆ ಸೈಟಿನಲ್ಲಿ ನಿಂತು ತುಂಬುವಂಥದ್ದಲ್ಲ ಇದು. ಚಿಕ್ಕ ಪರದೆಯಲ್ಲಿ ಬೆರಳು ಪಕ್ಕದ ಚೌಕಕ್ಕೆ ತಗುಲಿದರೆ ಸಿಮೆಂಟಿನ ಲೆಕ್ಕ ಜಲ್ಲಿಗೆ ಹೋಗುತ್ತದೆ. ವಾರಕ್ಕೊಮ್ಮೆ ಪುಸ್ತಕ ನೋಡಿಕೊಂಡು ಕೂಡಿಸುವುದಕ್ಕೆ ಇದರಂಥದ್ದು ಇನ್ನೊಂದಿಲ್ಲ. ಕಬ್ಬಿಣಕ್ಕೆ ಒಂದು ಸೂತ್ರ ಹಾಕಿಡಿ: ಮಿಲಿಮೀಟರಿನ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಎಂದು ಬರುತ್ತದೆ. 12 ಎಂಎಂ ಕಂಬಿ ಮೀಟರಿಗೆ 0.89 ಕೆಜಿ, 12 ಮೀಟರಿನ ಒಂದು ಕಂಬಿ 10.7 ಕೆಜಿಗೆ ಹತ್ತಿರ. ಬಿಲ್ಲಿನಲ್ಲಿ 500 ಕೆಜಿ ಎಂದಿದ್ದರೆ ಸೈಟಿನಲ್ಲಿ 47 ಕಂಬಿ ಇಳಿದಿರಬೇಕು. ಎಣಿಸಿದವರ ಹೆಸರು ಪುಸ್ತಕದಲ್ಲಿರಲಿ. ಎಂ-ಸ್ಯಾಂಡ್ ಬಂದರೆ ಟಿಪ್ಪರಿನ ಒಳ ಅಳತೆ ಹಿಡಿದು ಘನ ಅಡಿ ಬರೆಯಿರಿ, ‘ಒಂದು ಲೋಡು’ ಎಂದು ಬರೆದರೆ ಏನನ್ನೂ ಬರೆದಂತಾಗುವುದಿಲ್ಲ. ತೇವವಿರುವ ಮರಳು ಉಬ್ಬಿ ಹೆಚ್ಚು ಕಾಣುತ್ತದೆ, ಅದನ್ನೂ ಗುರುತು ಹಾಕಿ.

ಗೂಗಲ್ ಶೀಟಿನಲ್ಲಿ ಯಾರು ಯಾವಾಗ ಏನು ತಿದ್ದಿದರು ಎಂಬ ಇತಿಹಾಸ ಉಳಿಯುತ್ತದೆ ಎಂಬ ಕಾರಣಕ್ಕೆ ಎಕ್ಸೆಲ್‌ಗಿಂತ ಅದು ನನಗೆ ಇಷ್ಟ. ಪುಸ್ತಕದಲ್ಲಿರುವ ಅಂಕಿಯೇ ಮೂಲ, ಶೀಟಿನದು ಅದರ ನಕಲು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿರಬೇಕು. ಎರಡೂ ಬೇರೆಯಾದರೆ ಪುಸ್ತಕವನ್ನೇ ನಂಬಬೇಕು.

ಆ್ಯಪ್ ಯಾವಾಗ?

ಮೂರು ಸೈಟು ದಾಟಿದಾಗ, ಸಂಬಳದ ಸೂಪರ್‌ವೈಸರ್ ಇದ್ದಾಗ. ಅದಕ್ಕೆ ಮುಂಚೆ ಕೊಂಡವರಲ್ಲಿ ಹೆಚ್ಚಿನವರು ಬಿಟ್ಟಿದ್ದನ್ನೇ ಕಂಡಿದ್ದೇನೆ, ನಾನೂ ಮೊದಲನೆಯದನ್ನು ಬಿಟ್ಟೆ. ಹಾಜರಿ, ಸಾಮಾನು, ಫೋಟೋ, ಮುಂಗಡ ಎಲ್ಲ ಒಂದೇ ಕಡೆ ಸೇರಿ ರಾತ್ರಿ ಎಂಟಕ್ಕೆ ನಾಲ್ಕು ಸೈಟಿನ ವರದಿ ಕೈಗೆ ಬರುವುದು ನಿಜವಾಗಿಯೂ ಒಳ್ಳೆಯದು. ಕೊಳ್ಳುವ ಮುಂಚೆ ಮಾರುವವರನ್ನು ಇಷ್ಟು ಕೇಳಿ: ನೆಟ್‌ವರ್ಕ್ ಇಲ್ಲದಾಗ ತುಂಬಿದ್ದು ಆಮೇಲೆ ತಾನಾಗಿ ಸೇರುತ್ತದೆಯೇ? ಕನ್ನಡ ಇದೆಯೇ, ಇದ್ದರೆ ಓದಲು ಮಾತ್ರವೋ ಬರೆಯಲೂ ಆಗುತ್ತದೆಯೋ? ಚಂದಾ ನಿಲ್ಲಿಸಿದ ಮರುದಿನ ನನ್ನ ಹಳೆಯ ದಾಖಲೆ ನನಗೆ ಸಿಗುತ್ತದೆಯೇ? ಎಲ್ಲವನ್ನೂ ಒಂದೇ ಸಲ ಪಿಡಿಎಫ್ ಮಾಡಿ ಇಳಿಸಿಕೊಳ್ಳಬಹುದೇ? ಕೊನೆಯ ಎರಡಕ್ಕೆ ಸ್ಪಷ್ಟ ಉತ್ತರ ಬಾರದಿದ್ದರೆ ಎದ್ದು ಬನ್ನಿ.

ಆ್ಯಪ್ ಆಧಾರಿತ ಹಾಜರಿಯ ಕಷ್ಟಸುಖ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ನರೇಗಾದಲ್ಲಿ, ವೈಯಕ್ತಿಕ ಕಾಮಗಾರಿ ಬಿಟ್ಟು ಉಳಿದೆಲ್ಲ ಕಡೆ, 2023ರ ಜನವರಿ 1ರಿಂದ ದಿನಕ್ಕೆರಡು ಸಲ ಫೋಟೋ ಸಹಿತ ಮೊಬೈಲ್ ಹಾಜರಿ ಕಡ್ಡಾಯವಾಯಿತು. ಕೆಲಸ ಮಾಡಿಯೂ ನೆಟ್‌ವರ್ಕ್ ಇಲ್ಲದೆ ಹಾಜರಿ ಏರದ ದೂರುಗಳು ಅನೇಕ ಕಡೆಯಿಂದ ಬಂದವು. ಆ ದೂರಿನಿಂದ ನಾನು ಕಲಿತದ್ದು ಇಷ್ಟು: ಆ್ಯಪ್ ಇದ್ದರೂ ಹಾಜರಿಯ ಒಂದು ಕಾಗದದ ಪ್ರತಿ ಆಳುಗಳ ಕಣ್ಣಿಗೆ ಬೀಳುವ ಕಡೆ ಇರಬೇಕು. ಕೂಲಿ ಅವರದು. ಅದರ ಲೆಕ್ಕ ಅವರಿಗೆ ಕಾಣದ ಪರದೆಯೊಳಗೆ ಮಾತ್ರ ಇರುವುದು ಸರಿಯಲ್ಲ.

ಹಾಜರಿ ಪುಸ್ತಕಕ್ಕೆ ಇನ್ನೊಂದು ಉಪಯೋಗವಿದೆ, ಮಾಲೀಕರು ಇದನ್ನು ಯೋಚಿಸಿರುವುದಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದನ್ನು ತೋರಿಸಬೇಕು. ಮೂರು ಮೇಸ್ತ್ರಿಗಳ ಕೈಕೆಳಗೆ, ಐದು ಸೈಟಿನಲ್ಲಿ ದುಡಿದ ಹೆಣ್ಣುಮಗಳು ಆ 90 ದಿನವನ್ನು ಎಲ್ಲಿಂದ ತರಬೇಕು? ‘ಹೆಣ್ಣಾಳು 2’ ಎಂದು ಬರೆಯುವ ಜಾಗದಲ್ಲಿ ಅವರ ಹೆಸರು ಬರೆದರೆ ಪ್ರಮಾಣಪತ್ರ ಕೊಡುವವರ ಕೈಗೂ ಆಧಾರ ಸಿಗುತ್ತದೆ. ನಾನು ಮೊದಲು ಬರೀ ಸಂಖ್ಯೆ ಬರೆಯುತ್ತಿದ್ದೆ, ಈಗ ದಿನದ ಪುಟದ ಹಿಂಬದಿಯಲ್ಲಿ ಹೆಸರಿನ ಪಟ್ಟಿ ಕಡ್ಡಾಯ ಮಾಡಿದ್ದೇನೆ.

ಹಾಗಾದರೆ ನಿಮಗೆ ಯಾವುದು?

ಹತ್ತಿರದಲ್ಲೇ ವಾಸವಿದ್ದು ದಿನವೂ ಸಂಜೆ ಸೈಟಿಗೆ ಬರುವ ಮನೆಯವರಾದರೆ ಕಾರ್ಬನ್ ಪುಸ್ತಕ ಮತ್ತು ಸ್ಲೇಟು, ಬೇರೇನೂ ಬೇಡ. ಊರಲ್ಲಿ ಇಲ್ಲದ ಮನೆಯವರಾದರೆ ಅದೇ ಪುಸ್ತಕದ ಪುಟವನ್ನು ದಿನವೂ ಫೋಟೋ ತೆಗೆದು ಗ್ರೂಪಿಗೆ ಹಾಕಿಸಿ, ‘ಪುಟ 47 ನೋಡಿದೆ, ಒಪ್ಪಿಗೆ’ ಎಂದು ಸಂಖ್ಯೆ ಸಹಿತ ಉತ್ತರ ಬರೆಯಿರಿ. ಬರೀ ಹೆಬ್ಬೆರಳ ಚಿತ್ರ ಒತ್ತಿದರೆ ಯಾವುದಕ್ಕೆ ಒಪ್ಪಿದಿರಿ ಎಂದು ತಿಳಿಯುವುದಿಲ್ಲ. ಪಾಯದ ದಿನ ಊರಿನ ನೆಂಟರೊಬ್ಬರನ್ನಾದರೂ ಕಳಿಸಿ ಸಹಿ ಹಾಕಿಸಿ.

ಬರೀ ಲೇಬರ್ ಕಂಟ್ರಾಕ್ಟ್ ಕೊಟ್ಟು ಸಾಮಾನು ನೀವೇ ತರುವುದಾದರೆ ಸಿಮೆಂಟು, ಕಬ್ಬಿಣದ ದಿನದ ಉಳಿಕೆಯೇ ಮುಖ್ಯ, ವಾರಕ್ಕೊಮ್ಮೆ ಶೀಟಿಗೆ ಏರಿಸಿ. ಸಾಮಾನು ಸಮೇತ ಚದರಕ್ಕೆ ಇಷ್ಟೆಂದು ಮಾತಾಗಿದ್ದರೆ ಚೀಲ ಎಣಿಸುವುದು ಗುಣಮಟ್ಟಕ್ಕೋಸ್ಕರ, ಹಣದ ಜಗಳವೆಲ್ಲ ಬದಲಾವಣೆಗಳಲ್ಲಿ ಬರುತ್ತದೆ. ಬದಲಾವಣೆ ಹೇಳಿದ ದಿನವೇ ಅದರ ದರವನ್ನೂ ಪುಟದಲ್ಲಿ ಬರೆದು ಸಹಿ ಮಾಡಿ. ಓದು ಬರಹ ಕಡಿಮೆ ಇರುವ ಮೇಸ್ತ್ರಿಯಾದರೆ ಅಚ್ಚಾದ ಮಾದರಿ ಮಾಡಿಸಿ: ಗೌಂಡಿ, ಆಳು, ಚೀಲ ಎಂದು ಮೊದಲೇ ಮುದ್ರಿಸಿದ್ದರೆ ಅಂಕಿ ತುಂಬಿದರೆ ಸಾಕು. ಟೈಲ್ಸ್ ಹಾಕಲು ಬರುವ ಹಿಂದಿ ಮಾತಿನ ಹುಡುಗರಿಗೂ ಅಂಕಿ ಒಂದೇ.

ಎರಡು ಸೈಟಿನ ಗುತ್ತಿಗೆದಾರರು ಪುಸ್ತಕ ಮತ್ತು ಶೀಟಿನಲ್ಲಿ ನಿಲ್ಲಿ. ನಾಲ್ಕಾದಾಗ ಆ್ಯಪ್ ನೋಡಿ, ಆಗಲೂ ಪಾಯ, ಕಂಬಿ, ಬದಲಾವಣೆ ಈ ಮೂರನ್ನು ಸಹಿ ಇರುವ ಕಾಗದದಿಂದ ಬಿಡಿಸಬೇಡಿ.

ಕೆಲಸ ಮುಗಿದ ಮೇಲೆ ಹಾಳೆಗಳನ್ನು ಸೈಟಿನ ಪತ್ರ, ನಕ್ಷೆಯ ಜೊತೆ ಪೆಟ್ಟಿಗೆಯಲ್ಲಿಡಿ, ಗೆದ್ದಲು ತಾಗದ ಕಡೆ. ಮೂರು ವರ್ಷವಾಯಿತು ಎಂದು ರದ್ದಿಗೆ ಹಾಕಬೇಡಿ. ಚಿತ್ರದುರ್ಗದಲ್ಲಿ ನಾನು ಕಟ್ಟಿಸಿದ ಮನೆಯ ಅಮ್ಮನವರು ಆರು ವರ್ಷದ ಮೇಲೆ ಒಂದು ದಿನ ಫೋನ್ ಮಾಡಿದರು. ಗೀಸರ್ ಹಾಕುವ ಹುಡುಗ ಡ್ರಿಲ್ ಹಿಡಿದು ನಿಂತಿದ್ದಾನೆ, ಬಾತ್‌ರೂಮ್ ಗೋಡೆಯಲ್ಲಿ ಪೈಪು ಎಲ್ಲಿ ಹೋಗಿದೆ ಎಂದು. ಪ್ಲಂಬಿಂಗ್ ಮುಗಿದ ವಾರದ ಹಾಳೆ ತೆಗೆದು ನೋಡಿ ಅಂದೆ. ಹತ್ತು ನಿಮಿಷಕ್ಕೆ ಮತ್ತೆ ಫೋನ್.

‘ಬಾಗಿಲ ಚೌಕಟ್ಟಿನಿಂದ ಒಂದೂವರೆ ಅಡಿಗೆ ಮೇಲೆ ಹೋಗೇತಿ ಅಂತ ಬರ್ದೀರಿ. ಪುಟ 112. ಸರಿ ಏನ್ರೀ?’

‘ಸರಿ ಅಮ್ಮಾ. ಅಲ್ಲಿಂದ ಒಂದಡಿ ಆಚೆಗೆ ಕೊರೀಲಿಕ್ಕೆ ಹೇಳ್ರಿ.’